ಅಂಜದೆ ದಾಟಿಸುವ ಅಂಜಿ ಸೇತುವೆ

ವಾಚಕರೆ, ಚೀನಾ ದೇಶದ ಉತ್ತರ ಭಾಗದಲ್ಲಿ, ಹೆಬೆಯ್ ಪ್ರಾಂತದ ಬಯಲು ಸೀಮೆಯಲ್ಲಿ, ಒಂದು ಹಳೆಯ ಕಲ್ಲಿನ ಸೇತುವೆಯಿದೆ. ಅದರ ಹೆಸರು ಅಂಜಿ. ಈ ಹೆಸರು ಕನ್ನಡದ ಕಿವಿಗೆ ಬಿದ್ದೊಡನೆ ಯಾರೋ ಹೊಳೆಗೆ ಹೆದರಿ ದಡದಲ್ಲೇ ನಿಂತುಬಿಟ್ಟ ಹಾಗೆ ತೋರುವುದು ಸಹಜ. ಆದರೆ ಚೀನೀ ಭಾಷೆಯಲ್ಲಿ ‘ಅನ್’ ಎಂದರೆ ಕ್ಷೇಮ, ‘ಜಿ’ ಎಂದರೆ ಹೊಳೆ ದಾಟುವುದು. ಎರಡೂ ಕೂಡಿ, ಜನರನ್ನು ಕ್ಷೇಮವಾಗಿ ದಾಟಿಸುವ ಸೇತುವೆ ಎಂದಾಗುತ್ತದೆ. ಹೆಸರಿಗೆ ತಕ್ಕ ಹಾಗೆ ಅದು ೧೪೦೦ ವರ್ಷಗಳಿಗೂ ಮಿಗಿಲಾಗಿ ತನ್ನ ಕೆಲಸವನ್ನು ಮಾಡಿಕೊಂಡು ಬಂದಿದೆ. ಸುತ್ತಲಿನ ಹಳ್ಳಿಯ ಜನ ಮಾತ್ರ ಇಂಥ ಗಂಭೀರವಾದ ಹೆಸರಿನ ಗೊಡವೆಗೆ ಹೋಗದೆ ಅದನ್ನು ‘ದೊಡ್ಡ ಕಲ್ಲುಸೇತುವೆ’ ಎಂದೇ ಕರೆಯುತ್ತಾರೆ. ಅಲ್ಲಿಗೆ ಸಮೀಪದ ಊರಿನ ಹಳೆಯ ಹೆಸರು ಜಾವ್‌ಜೋ. ಆದ್ದರಿಂದ ಹೊರಗಿನವರಿಗೆ ಅದು ಜಾವ್‌ಜೋ ಸೇತುವೆ.

ಇದನ್ನು ಕಟ್ಟಿದ್ದು ಕ್ರಿ. ಶ. ೫೯೫ ಮತ್ತು ೬೦೫ರ ನಡುವೆ. ಆ ಕಾಲವನ್ನು ನಮ್ಮ ನಾಡಿನ ಲೆಕ್ಕದಲ್ಲಿ ಹೇಳುವುದಾದರೆ, ಬಾದಾಮಿಯಲ್ಲಿ ಚಾಲುಕ್ಯ ಮಂಗಲೇಶನು ಆಳುತ್ತಿದ್ದ ಕಾಲ. ಅಲ್ಲಿಯ ಮೂರನೆಯ ಗುಹಾಲಯವನ್ನು ಕೊರೆದು, ೫೭೮ರ ಶಾಸನವನ್ನು ಕಂಡರಿಸಿ, ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬಂದಿರಲಿಲ್ಲ. ಮುಂದೆ ಸುಮಾರು ೬೪೧ರಲ್ಲಿ ಪುಲಕೇಶಿಯ ರಾಜ್ಯವನ್ನು ನೋಡಿ, ಅವನ ಪ್ರಜೆಗಳ ಅಭಿಮಾನವನ್ನೂ ಪರಾಕ್ರಮವನ್ನೂ ಬರೆದಿಟ್ಟ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನು ತನ್ನ ದೇಶವನ್ನು ಬಿಟ್ಟು ಹೊರಡುವ ವೇಳೆಗೆ ಈ ಸೇತುವೆಯ ಮೇಲೆ ಗಾಡಿಗಳು ಓಡಾಡತೊಡಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಒಂದು ಕಡೆ ನಮ್ಮವರು ಬೆಟ್ಟದ ಬಂಡೆಯನ್ನು ಒಳಗೆ ಕೊರೆದು ದೇವರಿಗೆ ಮನೆ ಮಾಡುತ್ತಿದ್ದರು. ಇನ್ನೊಂದು ಕಡೆ ಅವರು ಬಂಡೆಯನ್ನು ತುಂಡುಮಾಡಿ ತಂದು, ಹೊಳೆಯ ಮೇಲೆ ಗಾಳಿಯಲ್ಲಿ ನಿಲ್ಲಿಸುತ್ತಿದ್ದರು.

ಅಷ್ಟು ಹಳೆಯ ಕಟ್ಟಡಗಳು ಲೋಕದಲ್ಲಿ ಬೇರೆ ಇಲ್ಲವೆ ಎಂದು ನೀವು ಕೇಳಬಹುದು. ಇವೆ. ಆದರೆ ದೇವಾಲಯ ಒಂದು ಕಡೆ ಕೂತಿರುತ್ತದೆ. ಜನ ಅದಕ್ಕೆ ಕೈಮುಗಿಯುತ್ತಾರೆ. ಸೇತುವೆಯ ಬಾಳು ಅಂಥದಲ್ಲ. ಮೇಲೆ ಗಾಡಿ, ಕತ್ತೆ, ಕುದುರೆ, ದಂಡು ಎಲ್ಲವೂ ತುಳಿಯಬೇಕು. ಕೆಳಗೆ ವರ್ಷವರ್ಷವೂ ಪ್ರವಾಹ ತಳ್ಳಬೇಕು. ಹೀಗೆ ಮೇಲಿಂದಲೂ ಕೆಳಗಿಂದಲೂ ಪೆಟ್ಟು ತಿನ್ನುವ ಕಟ್ಟಡ ಹದಿನಾಲ್ಕು ಶತಮಾನ ಉಳಿದಿದ್ದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ಮೊದಲು ಸ್ಥಳದ ತೊಡಕನ್ನು ತಿಳಿದುಕೊಳ್ಳೋಣ. ಸೇತುವೆಯ ಕೆಳಗೆ ಹರಿಯುವುದು ಶ್ಯಾವ್ ಎಂಬ ನದಿ. ಪಶ್ಚಿಮಕ್ಕೆ ತಾಯ್‌ಹಾಂಗ್ ಬೆಟ್ಟಗಳ ಸಾಲಿದೆ. ವರ್ಷದ ಹೆಚ್ಚು ಕಾಲ ನದಿ ಸಾಧುವಾಗಿ ಹರಿಯುವುದು. ಮಳೆಗಾಲದಲ್ಲಿ ಬೆಟ್ಟದ ನೀರೆಲ್ಲ ಒಟ್ಟಾಗಿ ನುಗ್ಗಿತೆಂದರೆ ಅದರ ಸ್ವರೂಪವೇ ಬೇರೆ. ಉತ್ತರದಕ್ಷಿಣವಾಗಿ ಹೋಗುವ ಹೆದ್ದಾರಿ ಈ ನದಿಯನ್ನು ದಾಟಲೇಬೇಕಾಗಿತ್ತು. ನದಿಯಲ್ಲಿ ದೋಣಿಗಳೂ ಸಾಗಬೇಕಾಗಿತ್ತು. ದಡದಲ್ಲಿ ಬಂಡೆಯಿಲ್ಲ, ಇರುವುದು ನದಿಯೇ ತಂದು ಹಾಸಿದ ಮಣ್ಣು. ಅಂಥ ಮಣ್ಣಿನ ಮೇಲೆ ವಿಪರೀತ ಭಾರವನ್ನು ಹೊರಿಸಿದರೆ ಅದು ಕುಸಿಯದೆ ಬಿಡದು. ನಡುನೀರಿನಲ್ಲಿ ಕಂಬಗಳನ್ನು ನೆಟ್ಟರೆ ಪ್ರವಾಹ ಅವುಗಳ ಬುಡವನ್ನು ಕೊರೆಯುತ್ತದೆ, ದೋಣಿಗೂ ಅಡ್ಡಿ.

ನಮ್ಮ ನಾಡಿನ ಹಳೆಯ ಸೇತುವೆಗಳನ್ನು ನೋಡಿದವರಿಗೆ ಈ ಕಂಬಗಳ ವಿಷಯ ಚೆನ್ನಾಗಿ ತಿಳಿದಿದೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ೧೮೦೪ರಲ್ಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯನ್ನು ನೆನೆಯಿರಿ. ಸಾಲುಸಾಲಾಗಿ ಕಲ್ಲುಕಂಬ, ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ನಮ್ಮ ದೇವಸ್ಥಾನದ ಮಂಟಪವನ್ನೇ ಉದ್ದಕ್ಕೆ ಎಳೆದು ಹೊಳೆಯಲ್ಲಿ ನಿಲ್ಲಿಸಿದ ಹಾಗೆ. ಕಾವೇರಿಯ ಪಾತ್ರದಲ್ಲಿ ಬಂಡೆಯಿದೆ. ಕಂಬಕ್ಕೆ ಬುಡ ಸಿಕ್ಕಿತು. ಶ್ಯಾವ್ ನದಿಯಲ್ಲಿ ಅದು ಸಾಗದು. ಅಲ್ಲಿ ಬೇಕಾದದ್ದು ಒಂದು ದಡದಿಂದ ಇನ್ನೊಂದು ದಡಕ್ಕೆ ಒಂದೇ ನೆಗೆತ. ಆ ನೆಗೆತ ಸುಮಾರು ೧೨೧ ಅಡಿ, ಎಂದರೆ ೩೭ ಮೀಟರು.

ಇಷ್ಟು ಉದ್ದದ ಕಲ್ಲುತೊಲೆ ಎಲ್ಲಿಯೂ ಸಿಗದು. ಸಿಕ್ಕರೂ ತನ್ನ ಭಾರಕ್ಕೇ ನಡುವೆ ಮುರಿದು ಬೀಳುವುದು. ಕಲ್ಲಿನ ಗುಣವೇ ಹಾಗೆ. ಅದನ್ನು ಎಷ್ಟು ಒತ್ತಿದರೂ ತಾಳುತ್ತದೆ. ಬಗ್ಗಿಸಿದರೆ ಮಾತ್ರ ತಾಳದು. ಕಲ್ಲಿನ ಈ ಗುಣವನ್ನು ಅರಿತು, ಅದಕ್ಕೆ ಎಲ್ಲಿಯೂ ಬಗ್ಗುವ ಪ್ರಸಂಗವೇ ಬಾರದಂತೆ, ಬರಿಯ ಒತ್ತಡವೇ ಬರುವಂತೆ ಜೋಡಿಸುವ ಉಪಾಯಕ್ಕೆ ಕಮಾನು ಎಂದು ಹೆಸರು.

ಈ ಮಾತು ಪುಸ್ತಕದ ಮಾತೆನಿಸಿದರೆ, ನೀವು ಮನೆಯಲ್ಲಿಯೇ ಪರೀಕ್ಷೆಮಾಡಿ ನೋಡಬಹುದು. ಮೇಜಿನ ಮೇಲೆ ಎರಡು ದಪ್ಪ ಪುಸ್ತಕಗಳನ್ನು ಒಂದು ಗೇಣಿಗಿಂತ ಕಡಿಮೆ ದೂರದಲ್ಲಿಡಿ. ಒಂದು ಅಂಚೆ ಕಾರ್ಡನ್ನು ಅವುಗಳ ಮೇಲೆ ಸೇತುವೆಯ ಹಾಗೆ ಅಡ್ಡಲಾಗಿಟ್ಟು, ನಡುವೆ ಒಂದೆರಡು ನಾಣ್ಯಗಳನ್ನು ಹಾಕಿ. ಕಾರ್ಡು ಕೆಳಕ್ಕೆ ಜೋಲುವುದು. ಈಗ ಅದೇ ಕಾರ್ಡನ್ನು ಬಿಲ್ಲಿನಂತೆ ಬಾಗಿಸಿ, ಅದರ ಎರಡು ತುದಿಗಳೂ ಪುಸ್ತಕಗಳ ಒಳಮೈಗೆ ಒತ್ತಿಕೊಳ್ಳುವಂತೆ ನಿಲ್ಲಿಸಿ. ಅಷ್ಟೇ ನಾಣ್ಯಗಳನ್ನು ಅದು ಸಲೀಸಾಗಿ ಹೊರುತ್ತದೆ. ಮಕ್ಕಳನ್ನು ಕರೆದು ತೋರಿಸಿ, ಅವರಿಗೆ ಸಂತೋಷವಾಗುತ್ತದೆ. ಆಮೇಲೆ ಒಂದು ಪುಸ್ತಕವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ. ಕಮಾನು ಹರಡಿಕೊಂಡು ಬಿದ್ದುಹೋಗುವುದು. ಕಮಾನು ಭಾರವನ್ನು ಕೆಳಕ್ಕೆ ಮಾತ್ರವೇ ಇಳಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಕಮಾನನ್ನು ಕಟ್ಟುವವನ ಕಷ್ಟವೆಲ್ಲ ಈ ಪಕ್ಕದ ತಳ್ಳಾಟದಲ್ಲಿದೆ.

ರೋಮನರು ಕಮಾನಿನ ಕೆಲಸದಲ್ಲಿ ಗಟ್ಟಿಗರು. ಅವರ ಕಮಾನುಗಳು ಹೆಚ್ಚಾಗಿ ಅರ್ಧವೃತ್ತಾಕಾರ, ಬಳೆಯನ್ನು ಸಮನಾಗಿ ಎರಡು ಹೋಳು ಮಾಡಿದಂತೆ. ಅಂಥ ಕಮಾನಿನಲ್ಲಿ ಪಕ್ಕಕ್ಕೆ ತಳ್ಳುವುದು ಕಡಿಮೆ. ಆದರೆ ೧೨೧ ಅಡಿ ಅಗಲದ ಹೊಳೆಗೆ ಅರ್ಧವೃತ್ತದ ಕಮಾನನ್ನು ಹಾಕಿದರೆ ಅದರ ನೆತ್ತಿ ೬೦ ಅಡಿ ಎತ್ತರಕ್ಕೆ ಏರುತ್ತದೆ. ಬಯಲಿನ ಊರಿನಲ್ಲಿ ಅದು ಸೇತುವೆಯಾಗುವುದಿಲ್ಲ, ಬೆಟ್ಟವಾಗುತ್ತದೆ. ತುಂಬಿದ ಗಾಡಿಯನ್ನು ಎಳೆದುಕೊಂಡು ಎತ್ತು ಅದನ್ನು ಹತ್ತುವುದೆಂತು? ಹತ್ತಿದರೂ ಆಚೆಗೆ ಇಳಿಯುವಾಗ ಗಾಡಿಯೇ ಎತ್ತನ್ನು ನೂಕಿಬಿಡುತ್ತದೆ.

ಇಲ್ಲಿಯೇ ಅಂಜಿ ಸೇತುವೆಯನ್ನು ಕಟ್ಟಿದ ಓಜನ ಬುದ್ಧಿಯನ್ನು ಮೆಚ್ಚಬೇಕು. ಅವನ ಹೆಸರು ಲೀ ಚುನ್. ಅವನು ಅರ್ಧ ಬಳೆಯನ್ನು ತೆಗೆದುಕೊಳ್ಳಲಿಲ್ಲ. ದೊಡ್ಡದೊಂದು ಬಳೆಯ ಸಣ್ಣ ತುಣುಕನ್ನು ಮಾತ್ರ ತೆಗೆದುಕೊಂಡ. ಕಮಾನಿನ ಏರು ಸುಮಾರು ೨೪ ಅಡಿ. ಅಗಲದ ಐದರಲ್ಲೊಂದು ಪಾಲು. ದೂರದಿಂದ ನೋಡಿದರೆ ಎಳೆದ ಬಿಲ್ಲಿನ ಹಾಗೆ, ಅಥವಾ ಮಳೆ ನಿಂತಮೇಲೆ ದಿಗಂತದಲ್ಲಿ ಚೂರೇ ಕಾಣುವ ಕಾಮನಬಿಲ್ಲಿನ ಹಾಗೆ ತೋರುತ್ತದೆ. ಗಾಡಿಗಳು ಹೆಚ್ಚು ಶ್ರಮವಿಲ್ಲದೆ ಹತ್ತಿ ಇಳಿಯಬಹುದು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ೧೩೪೫ರಲ್ಲಿ ಕಟ್ಟಿದ ಪೊಂಟೆ ವೆಕ್ಕಿಯೊ ಎಂಬ ಹೆಸರಾಂತ ಸೇತುವೆಯೂ ಇಂಥ ಚಪ್ಪಟೆ ಕಮಾನುಗಳದೇ. ಅದಕ್ಕೆ ಮೂರು ಕಮಾನುಗಳುಂಟು. ಅವುಗಳಲ್ಲಿ ದೊಡ್ಡದರ ಅಗಲವೂ ಅಂಜಿಯ ಒಂದೇ ಕಮಾನಿಗೆ ಸಮವಾಗದು. ಅಂಜಿ ಅದಕ್ಕಿಂತ ಏಳು ಶತಮಾನಗಳಿಗೂ ಹೆಚ್ಚು ಹಿಂದಿನದು.

ಲೀ ಚುನ್ ಕಮಾನನ್ನು ಒಂದೇ ಅಗಲವಾದ ಹಾಸಾಗಿ ಕಟ್ಟಲಿಲ್ಲ. ಇಪ್ಪತ್ತೆಂಟು ಕಿರಿದಾದ ಕಮಾನುಗಳನ್ನು ಪುಸ್ತಕದ ಹಾಳೆಗಳಂತೆ ಒಂದರ ಪಕ್ಕದಲ್ಲಿ ಒಂದನ್ನು ನಿಲ್ಲಿಸಿ, ಸುಮಾರು ೩೦ ಅಡಿ ಅಗಲದ ದಾರಿಯನ್ನು ಮಾಡಿದ. ಒಂದೊಂದು ಕಲ್ಲೂ ಸುಮಾರು ಒಂದು ಟನ್ ತೂಕದ್ದು. ಕಮಾನು ಪೂರ್ಣವಾಗಿ ನೆತ್ತಿಯ ಕಲ್ಲು ಕೂರುವವರೆಗೂ ಅದಕ್ಕೆ ತನ್ನ ಕಾಲಮೇಲೆ ನಿಲ್ಲುವ ಶಕ್ತಿಯಿಲ್ಲ. ಅಲ್ಲಿಯವರೆಗೆ ಕೆಳಗೆ ಮರದ ಸಾರುವೆ ಬೇಕು. ಕಮಾನುಗಳನ್ನು ಒಂದೊಂದಾಗಿ ಕಟ್ಟುವುದಾದರೆ ಸಾರುವೆಯೂ ಕಿರಿದಾಗಿದ್ದರೆ ಸಾಕು. ಒಂದು ಮುಗಿದ ಮೇಲೆ ಅದನ್ನೇ ಪಕ್ಕಕ್ಕೆ ಜರುಗಿಸಿ ಮತ್ತೊಂದನ್ನು ಕಟ್ಟಬಹುದು. ಮರವೂ ಉಳಿಯಿತು, ಮುಂದೆ ಯಾವುದಾದರೂ ಒಂದು ಕಮಾನು ಕೆಟ್ಟರೆ ಅದನ್ನಷ್ಟೇ ಬಿಚ್ಚಿ ಕಟ್ಟಬಹುದು, ಸೇತುವೆಗೇ ಅಪಾಯವಿಲ್ಲ.

ಈ ಉಪಾಯದಲ್ಲಿ ಒಂದು ದೋಷವೂ ಇದೆ. ಬಿಡಿಬಿಡಿಯಾಗಿ ನಿಂತದ್ದು ಹೊರಗಡೆಗೆ ವಾಲಬಹುದು. ಅದಕ್ಕಾಗಿ ಅವನು ಕಮಾನುಗಳ ಅಡ್ಡಕ್ಕೆ ಕಬ್ಬಿಣದ ಸರಳುಗಳನ್ನು ತೂರಿಸಿ ಬಿಗಿದ. ಕಲ್ಲಿಗೂ ಕಲ್ಲಿಗೂ ನಡುವೆ, ಡಮರುಗದ ಹಾಗೆ ನಡು ಸಣ್ಣಗಿರುವ ಕಬ್ಬಿಣದ ತುಂಡುಗಳನ್ನು ಕೂರಿಸಿದ. ಅಂಥ ತುಂಡು ಎರಡು ಕಲ್ಲುಗಳನ್ನೂ ಒಮ್ಮೆಗೇ ಕಚ್ಚಿ ಹಿಡಿದುಕೊಳ್ಳುತ್ತದೆ. ಸಾಲದೆಂದು, ಸೇತುವೆಯ ಅಗಲವನ್ನು ಬುಡದಲ್ಲಿ ಸ್ವಲ್ಪ ಹೆಚ್ಚಾಗಿಯೂ ನೆತ್ತಿಯಲ್ಲಿ ಸ್ವಲ್ಪ ಕಡಿಮೆಯಾಗಿಯೂ ಇಟ್ಟ. ಆದ್ದರಿಂದ ಎರಡು ಅಂಚಿನ ಕಮಾನುಗಳೂ ಒಳಕ್ಕೆ ಒರಗಿಕೊಂಡಿವೆ, ಗುಂಪಿನಲ್ಲಿ ನಿಂತವರು ಒಬ್ಬರಿಗೊಬ್ಬರು ಭುಜ ಕೊಟ್ಟುಕೊಂಡಂತೆ.

ಇವೆಲ್ಲಕ್ಕಿಂತ ಮಿಗಿಲಾದ ಸಂಗತಿಯನ್ನು ಈಗ ಹೇಳುತ್ತೇನೆ. ಬಿಲ್ಲಿನಂತಿರುವ ಕಮಾನಿನ ಮೇಲೆ ದಾರಿ ಹೆಚ್ಚುಕಡಮೆ ಸಮನಾಗಿರಬೇಕಲ್ಲವೆ? ನೆತ್ತಿಯ ಹತ್ತಿರ ಕಮಾನಿಗೂ ದಾರಿಗೂ ಅಂತರ ಕಡಿಮೆ. ಎರಡು ತುದಿಗಳಲ್ಲಿ ಅಂತರ ಹೆಚ್ಚು. ಕಮಾನಿನ ಹೆಗಲುಗಳು ಎಂದು ಆ ಜಾಗಗಳನ್ನು ಕರೆಯೋಣ. ಹಿಂದಿನವರೆಲ್ಲ ಆ ಹೆಗಲುಗಳ ಮೇಲೆ ಮಣ್ಣು, ಜಲ್ಲಿ, ಕಲ್ಲು ತುಂಬಿ ಗೋಡೆ ಕಟ್ಟಿಬಿಡುತ್ತಿದ್ದರು. ಗಟ್ಟಿಯಾಗಬೇಕಾದರೆ ತುಂಬಬೇಕು ಎಂಬುದು ಸಾಮಾನ್ಯ ತಿಳಿವಳಿಕೆ. ಲೀ ಚುನ್ ತುಂಬಲಿಲ್ಲ, ಬರಿದುಮಾಡಿದ. ಒಂದೊಂದು ಹೆಗಲಿನಲ್ಲಿಯೂ ಎರಡೆರಡು ಸಣ್ಣ ಕಮಾನುಗಳನ್ನು ತೆರೆದು, ಆಚೆಯಿಂದ ಈಚೆಗೆ ಬಯಲು ಕಾಣುವಂತೆ ಬಿಟ್ಟ. ದೊಡ್ಡದು ಹನ್ನೆರಡು ಅಡಿಗೆ ಮೇಲ್ಪಟ್ಟು, ಚಿಕ್ಕದು ಒಂಬತ್ತು ಅಡಿ.

ಇದರಿಂದ ಆದ ಲಾಭಗಳನ್ನು ಈ ಕಾಲದ ಎಂಜಿನಿಯರುಗಳು ಲೆಕ್ಕಹಾಕಿದ್ದಾರೆ. ಸೇತುವೆಯ ಭಾರ ಸುಮಾರು ೭೦೦ ಟನ್ ಇಳಿಯಿತು. ಭಾರ ಇಳಿದಷ್ಟೂ ದಡದ ಮಣ್ಣಿನ ಮೇಲಿನ ಒತ್ತಡ ಇಳಿಯಿತು, ಪಕ್ಕದ ತಳ್ಳಾಟವೂ ಇಳಿಯಿತು. ಇದು ಮೊದಲನೆಯ ಲಾಭ. ಎರಡನೆಯದು ಇದಕ್ಕಿಂತ ಸ್ವಾರಸ್ಯವಾದದ್ದು. ಪ್ರವಾಹ ಏರಿ ಬಂದಾಗ, ಹೆಗಲು ತುಂಬಿದ ಸೇತುವೆ ನೀರಿಗೆ ಅಡ್ಡಗಟ್ಟೆಯಾಗುತ್ತದೆ. ನೀರು ಅದನ್ನು ಗುದ್ದುತ್ತದೆ. ಗುದ್ದಿ ಗುದ್ದಿ ಒಂದು ದಿನ ಗೆಲ್ಲುತ್ತದೆ. ಅಂಜಿ ಸೇತುವೆಯಲ್ಲಿ ನೀರು ಹೆಗಲ ಮಟ್ಟಕ್ಕೆ ಏರಿದೊಡನೆ ಅಲ್ಲಿ ನಾಲ್ಕು ಬಾಗಿಲುಗಳು ತೆರೆದಿರುತ್ತವೆ. ನೀರು ಹರಿಯುವ ಜಾಗ ಆರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ಬಂದ ನೀರು ಜಗಳವಾಡದೆ ಹೊರಟುಹೋಗುತ್ತದೆ.

ಹೊಳೆಯನ್ನು ಎದುರಿಸಿ ನಿಂತ ಎಷ್ಟು ಸೇತುವೆಗಳು ಕೊಚ್ಚಿಹೋಗಿಲ್ಲ! ಇದು ಉಳಿದದ್ದು ಎದುರಿಸಿದ್ದರಿಂದಲ್ಲ, ದಾರಿ ಬಿಟ್ಟದ್ದರಿಂದ. ಗಾಡಿಗೆ ಮೇಲೆ ದಾರಿ ಕೊಡುವುದು ಎಲ್ಲ ಸೇತುವೆಯ ಧರ್ಮ. ನೀರಿಗೂ ದಾರಿಯ ಹಕ್ಕಿದೆ, ಅದೂ ಸಾಧಾರಣ ಕಾಲದ ನೀರಿಗಲ್ಲ, ಕೋಪದಲ್ಲಿ ಬಂದ ನೀರಿಗೆ, ಎಂದು ಮೊದಲೇ ಯೋಚಿಸಿ ಜಾಗ ಬಿಟ್ಟದ್ದು ಲೀ ಚುನ್ನನ ದೊಡ್ಡತನ. ದೊಡ್ಡ ಕಮಾನಿನ ಹೆಗಲಿನಲ್ಲಿ ಹೀಗೆ ತೆರೆದ ಸಣ್ಣ ಕಮಾನುಗಳಿರುವ ಸೇತುವೆಗಳಲ್ಲಿ ಇದಕ್ಕಿಂತ ಹಳೆಯದು ಇಂದು ಎಲ್ಲಿಯೂ ನಿಂತಿಲ್ಲ. ಯೂರೋಪಿನಲ್ಲಿ ಈ ರೀತಿ ಬಳಕೆಗೆ ಬಂದುದು ಎಷ್ಟೋ ಶತಮಾನಗಳ ಮೇಲೆ. ಲಕ್ಸೆಂಬರ್ಗಿನ ಪ್ರಖ್ಯಾತವಾದ ಅಡಾಲ್ಫ್ ಸೇತುವೆ ಮುಗಿದದ್ದು ೧೯೦೩ರಲ್ಲಿ. ಚೀನಾದಲ್ಲಿ ಮಾತ್ರ ಅನುಕರಣೆ ಬೇಗನೆ ನಡೆಯಿತು. ಅದೇ ಜಾವ್‌ಜೋ ಊರಿನ ಇನ್ನೊಂದು ಪಕ್ಕದಲ್ಲಿ ಇದೇ ಮಾದರಿಯ ಚಿಕ್ಕ ಸೇತುವೆಯೊಂದು ಎದ್ದಿತು. ಜನ ಅದನ್ನು ‘ಚಿಕ್ಕ ಕಲ್ಲುಸೇತುವೆ’ ಎನ್ನುತ್ತಾರೆ.

ಇನ್ನು ತಳಪಾಯದ ವಿಷಯ. ಇಷ್ಟು ದೊಡ್ಡ ಕಮಾನಿಗೆ ಎಷ್ಟು ಆಳವಾದ ಅಸ್ತಿವಾರವಿದ್ದೀತೋ ಎಂದು ಅಗೆದು ನೋಡಿದವರು ಬೆರಗಾದರು. ದಡದ ಆಧಾರಗಟ್ಟೆಗೆ ಇರುವುದು ಐದು ವರಸೆ ಕಲ್ಲು, ಅಷ್ಟೆ. ಅದರ ಕೆಳಗೆ ನೆಲದ ಸಹಜವಾದ ಮಣ್ಣು. ಆ ಮಣ್ಣು ಎಷ್ಟು ಭಾರವನ್ನು ತಾಳಬಲ್ಲುದೋ ಅಷ್ಟನ್ನೇ ಅದರ ಮೇಲೆ ಹೊರಿಸಿದ್ದಾನೆ. ಹದಿನಾಲ್ಕು ಶತಮಾನಗಳಲ್ಲಿ ಎರಡು ದಡಗಳ ನಡುವೆ ಕುಸಿತದ ವ್ಯತ್ಯಾಸ ಎರಡು ಅಂಗುಲದಷ್ಟು ಮಾತ್ರ.

ಇಂಥ ಕೆಲಸವನ್ನು ಕಂಡ ಹಳ್ಳಿಯ ಜನಕ್ಕೆ ಇದು ಮನುಷ್ಯನ ಕೈಯಿಂದ ಆಯಿತೆಂದು ನಂಬುವುದೇ ಕಷ್ಟವಾಯಿತು. ಅವರು ಒಂದು ಕಥೆ ಕಟ್ಟಿದರು. ಚೀನೀ ಬಡಗಿಗಳಿಗೂ ಕಲ್ಲುಕುಟಿಗರಿಗೂ ಲೂ ಬಾನ್ ಎಂಬುವನು ಕುಲಗುರು. ನಮ್ಮ ವಿಶ್ವಕರ್ಮನ ಹಾಗೆ, ಜಕಣಾಚಾರಿಯ ಹಾಗೆ. ಅವನೇ ಒಂದು ರಾತ್ರಿಯಲ್ಲಿ ಈ ಸೇತುವೆಯನ್ನು ಕಟ್ಟಿ ನಿಲ್ಲಿಸಿದನಂತೆ. ಸುದ್ದಿ ಕೇಳಿ ಜಾಂಗ್ ಗ್ವೋಲಾವ್ ಎಂಬ ಸಿದ್ಧಪುರುಷನು ಕತ್ತೆಯೇರಿ ಬಂದು, ನಮ್ಮ ಭಾರವನ್ನು ನಿನ್ನ ಸೇತುವೆ ತಾಳುವುದೋ ಎಂದು ಕೇಳಿದನಂತೆ. ಜತೆಯಲ್ಲಿ ಒಬ್ಬ ರಾಜ, ಕೈಗಾಡಿಯನ್ನು ನೂಕಿಕೊಂಡು. ಲೂ ಬಾನ್ ನಕ್ಕು, ಧಾರಾಳವಾಗಿ ಹೋಗಿ ಎಂದ. ಆದರೆ ಸಿದ್ಧನು ತನ್ನ ಚೀಲದಲ್ಲಿ ಸೂರ್ಯಚಂದ್ರರನ್ನೂ, ರಾಜನು ಗಾಡಿಯಲ್ಲಿ ಬೆಟ್ಟಗಳನ್ನೂ ತುಂಬಿಕೊಂಡಿದ್ದರು. ಸೇತುವೆ ನಡುಗಿತು. ಲೂ ಬಾನ್ ಹೊಳೆಗೆ ಹಾರಿ, ಕೈಯನ್ನು ಮೇಲಕ್ಕೊತ್ತಿ ಕಮಾನನ್ನು ಹಿಡಿದುಕೊಂಡ. ಸೇತುವೆಯ ಮೇಲೆ ಕತ್ತೆಯ ಗೊರಸಿನ ಗುರುತನ್ನೂ ಗಾಡಿಯ ಚಕ್ರದ ಜಾಡನ್ನೂ, ಕೆಳಗೆ ಕೈಯ ಅಚ್ಚನ್ನೂ ಜನ ಬಹುಕಾಲ ತೋರಿಸುತ್ತಿದ್ದರು.

ಕಥೆ ಸೊಗಸಾಗಿದೆ. ಆದರೆ ಲೂ ಬಾನ್ ಬದುಕಿದ್ದು ಸೇತುವೆಗಿಂತ ಸಾವಿರ ವರ್ಷಗಳ ಹಿಂದೆ. ಕಥೆ ಬೆಳೆದಷ್ಟೂ ನಿಜವಾದ ಓಜನ ಹೆಸರು ಮರೆಯಾಗುತ್ತ ಹೋಗುವುದು. ಲೀ ಚುನ್ನನ ತಂದೆತಾಯಿ, ಊರು, ಗುರು, ಇವನು ಕಟ್ಟಿದ ಬೇರೆ ಕಟ್ಟಡ, ಯಾವುದೂ ಚರಿತ್ರೆಗೆ ಸಿಕ್ಕಿಲ್ಲ. ಹೆಸರು ಉಳಿದದ್ದು ಒಂದೇ ಒಂದು ಬರಹದಿಂದ. ಎಂಟನೆಯ ಶತಮಾನದ ಮೊದಲ ಭಾಗದಲ್ಲಿ ತಾಂಗ್ ಚಕ್ರವರ್ತಿಗಳ ಮಂತ್ರಿಯಾಗಿದ್ದ ಜಾಂಗ್ ಜ್ಯಾಜೆನ್ ಎಂಬುವನು ಈ ಸೇತುವೆಯನ್ನು ಕೊಂಡಾಡಿ ಒಂದು ಶಾಸನವನ್ನು ಬರೆದ. ಇದು ಸುಯ್ ವಂಶದ ಕಾಲದ ಕೆಲಸಗಾರ ಲೀ ಚುನ್ನನ ಕೃತಿ, ಇದನ್ನು ಹೇಗೆ ಮಾಡಿದನೆಂಬುದು ಯಾರಿಗೂ ತಿಳಿಯದು ಎಂಬ ಅರ್ಥದ ಮಾತು ಅದರಲ್ಲಿದೆ. ಮಂತ್ರಿಯೊಬ್ಬನು ಕಲ್ಲುಕೆಲಸದವನ ಹೆಸರನ್ನು ಬರೆದದ್ದು ಅವನ ಸೌಜನ್ಯ. ಆ ಸೌಜನ್ಯವಿಲ್ಲದಿದ್ದರೆ ನಾವು ಇಂದು ಲೂ ಬಾನನ ಕಥೆಯನ್ನಷ್ಟೇ ಹೇಳಿಕೊಳ್ಳಬೇಕಾಗಿತ್ತು.

ನಮ್ಮ ನಾಡಿನಲ್ಲಿಯೂ ಹೆಚ್ಚುಕಡಮೆ ಅದೇ ಕಾಲದಲ್ಲಿ ಇಂಥದೇ ಒಂದು ಸೌಜನ್ಯ ನಡೆಯಿತು. ಪಟ್ಟದಕಲ್ಲಿನಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ದೇವಾಲಯ, ಇಂದಿನ ವಿರೂಪಾಕ್ಷ ದೇವಾಲಯ, ನಿಮಗೆ ಗೊತ್ತಿದೆ. ಅದರ ಬಾಗಿಲ ಬಳಿಯ ಶಾಸನ, ಕಟ್ಟಿದ ಆಚಾರಿ ಗುಂಡನ ಹೆಸರನ್ನೂ ಅವನಿಗೆ ದೊರೆತ ಅನಿವಾರಿತಾಚಾರಿ ಎಂಬ ಬಿರುದನ್ನೂ ಹೇಳುತ್ತದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಆದರೂ ನಾವು ಯಾವ ಹಳೆಯ ಗುಡಿಯನ್ನು ಕಂಡರೂ ‘ಜಕಣಾಚಾರಿಯ ಕೆಲಸ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಒಬ್ಬನಿಗೆ ಎಲ್ಲವನ್ನೂ ಕೊಟ್ಟರೆ ದುಡಿದ ನೂರು ಜನಕ್ಕೆ ಏನೂ ಉಳಿಯುವುದಿಲ್ಲ. ಈ ವಿಷಯದಲ್ಲಿ ಚೀನೀ ಹಳ್ಳಿಗರಿಗೂ ನಮಗೂ ಭೇದವಿಲ್ಲ.

ಸೇತುವೆಯನ್ನು ಕಟ್ಟಿದ ಕಾಲದ ರಾಜವಂಶ ಏನಾಯಿತೆಂಬುದನ್ನೂ ಕೇಳಿ. ಸುಯ್ ವಂಶ ಚೀನಾವನ್ನು ಒಂದುಗೂಡಿಸಿದ ಪ್ರಬಲ ವಂಶ. ೬೦೪ರಲ್ಲಿ ಪಟ್ಟಕ್ಕೆ ಬಂದ ಯಾಂಗ್ ಚಕ್ರವರ್ತಿ ಮಾರನೆಯ ವರ್ಷವೇ ಮಹಾಕಾಲುವೆಯ ಕೆಲಸಕ್ಕೆ ಕೈಹಾಕಿದ. ಲಕ್ಷಾಂತರ ಜನರನ್ನು ಬಿಟ್ಟಿಗೆ ಹಿಡಿದು ದುಡಿಸಿದ. ಕೊರಿಯದ ಮೇಲೆ ದಂಡಯಾತ್ರೆಗಳನ್ನು ನಡೆಸಿ ಸೋತ. ಕೊನೆಗೆ ದಂಗೆಗಳೆದ್ದು, ೬೧೮ರಲ್ಲಿ ಅವನು ಕೊಲೆಯಾದ, ವಂಶವೂ ಮುಳುಗಿತು. ೫೮೧ರಿಂದ ಎಣಿಸಿದರೆ ಅದು ಬಾಳಿದ್ದು ೩೭ ವರ್ಷ. ಸೇತುವೆಯ ಕಮಾನು ೩೭ ಮೀಟರು! ಮೀಟರಿಗೂ ವರ್ಷಕ್ಕೂ ಸಂಬಂಧವಿಲ್ಲವೆಂಬುದು ನನಗೂ ಗೊತ್ತು. ಆದರೂ ನೆಲದ ಮಣ್ಣು ತಾಳುವಷ್ಟೇ ಭಾರವನ್ನು ಹೊರಿಸಿದ ಓಜನ ಕೆಲಸ ನಿಂತಿತು, ಪ್ರಜೆಗಳು ತಾಳಲಾರದಷ್ಟು ಭಾರವನ್ನು ಹೊರಿಸಿದ ದೊರೆಯ ಕೆಲಸ ಕುಸಿಯಿತು ಎಂದು ನೆನೆದರೆ ಈ ಎರಡು ಸಂಖ್ಯೆಗಳು ಮನಸ್ಸಿನಲ್ಲಿ ಉಳಿಯುತ್ತವೆ.

ಸೇತುವೆಗೆ ಎಂದೂ ಪೆಟ್ಟಾಗಲಿಲ್ಲವೆಂದು ತಿಳಿಯಬೇಡಿ. ಕಾಲಾಂತರದಲ್ಲಿ ಎರಡು ಪಕ್ಕಗಳಲ್ಲಿಯೂ ಅಂಚಿನ ಕೆಲವು ಕಮಾನುಗಳು ಕಳಚಿ ಹೊಳೆಗೆ ಬಿದ್ದವು. ಆದರೆ ಲೀ ಚುನ್ ಯೋಚಿಸಿದ್ದಂತೆ, ಬಿದ್ದವು ಉಳಿದವನ್ನು ಎಳೆದುಕೊಂಡು ಹೋಗಲಿಲ್ಲ. ಸೇತುವೆ ಸ್ವಲ್ಪ ಕಿರಿದಾಯಿತೇ ಹೊರತು ಜನರ ಓಡಾಟ ನಿಲ್ಲಲಿಲ್ಲ. ಡ್ರಾಗನ್ ಎಂಬ ಚೀನೀ ಸರ್ಪಗಳನ್ನು ಕೆತ್ತಿದ್ದ ಕೈಪಿಡಿಗೋಡೆಯ ಚಪ್ಪಡಿಗಳೂ ನೀರುಪಾಲಾಗಿ ಮರಳಿನಲ್ಲಿ ಹೂತುಹೋದವು.

೧೯೩೩ರಲ್ಲಿ ಲಿಯಾಂಗ್ ಸಿಚೆಂಗ್ ಎಂಬ ವಿದ್ವಾಂಸರು ಇಲ್ಲಿಗೆ ಬಂದರು. ಚೀನಾದ ಪ್ರಾಚೀನ ಕಟ್ಟಡಗಳನ್ನು ಊರೂರು ತಿರುಗಿ ಅಳೆದು ಬರೆದಿಟ್ಟವರು ಅವರು. ಆ ಸೀಮೆಯ ಜನರಲ್ಲಿ ನಾಲ್ಕು ಅದ್ಭುತಗಳನ್ನು ಎಣಿಸುವ ಒಂದು ನಾಣ್ಣುಡಿಯಿತ್ತು. ಒಂದು ಊರಿನ ಕಬ್ಬಿಣದ ಸಿಂಹ, ಇನ್ನೊಂದರ ಮರದ ಗೋಪುರ, ಮತ್ತೊಂದರ ಬೋಧಿಸತ್ತ್ವನ ದೊಡ್ಡ ವಿಗ್ರಹ, ನಾಲ್ಕನೆಯದು ಜಾವ್‌ಜೋ ಸೇತುವೆ. ಪಾಮರರ ಬಾಯಿಮಾತನ್ನೇ ದಾರಿದೀಪ ಮಾಡಿಕೊಂಡು ಅವರು ಹುಡುಕಿಹೊರಟರು. ಕಂಡದ್ದನ್ನು ಅಳೆದು, ನಕ್ಷೆ ಬರೆದು, ಮರುವರ್ಷ ಪ್ರಕಟಿಸಿದರು. ಹಳ್ಳಿಯವರ ಹೆಮ್ಮೆಯಾಗಿದ್ದದ್ದು ವಿದ್ವತ್ತಿನ ಲೋಕಕ್ಕೂ ತಿಳಿಯಿತು.

ಅನಂತರ ೧೯೫೫ರಿಂದ ೧೯೫೮ರವರೆಗೆ ದೊಡ್ಡ ಜೀರ್ಣೋದ್ಧಾರ ನಡೆಯಿತು. ಬಿದ್ದುಹೋಗಿದ್ದ ಕಮಾನುಗಳನ್ನು ಮತ್ತೆ ಕಟ್ಟಿದರು. ಹೊಳೆಯ ತಳವನ್ನು ತೋಡಿ ಹಳೆಯ ಕೆತ್ತನೆಯ ಚಪ್ಪಡಿಗಳನ್ನು ಮೇಲೆತ್ತಿ ಕಾಪಾಡಿದರು. ಸೇತುವೆಯ ಮೇಲೆ ಅದೇ ಮಾದರಿಯಲ್ಲಿ ಹೊಸ ಕೈಪಿಡಿಗೋಡೆಯನ್ನು ನಿಲ್ಲಿಸಿದರು. ಸೇತುವೆ ಭದ್ರವಾಯಿತು. ೧೯೬೩ರಲ್ಲಿ ಹೆಬೆಯ್ ಪ್ರಾಂತದಲ್ಲಿ ಭಾರಿ ಪ್ರವಾಹ ಬಂದಿತು. ೧೯೬೬ರ ಮಾರ್ಚಿಯಲ್ಲಿ ಸಮೀಪದ ಶಿಂಗ್‌ತಾಯ್ ಪ್ರದೇಶದಲ್ಲಿ ಎರಡು ಸಲ ಭೂಮಿ ಘೋರವಾಗಿ ನಡುಗಿತು. ಎರಡನ್ನೂ ಸೇತುವೆ ತಾಳಿಕೊಂಡಿತು.

ಆದರೆ ಲಿಯಾಂಗ್ ಅವರಿಗೆ ಈ ಜೀರ್ಣೋದ್ಧಾರ ಪೂರ್ಣ ಸಮಾಧಾನವನ್ನು ತರಲಿಲ್ಲ. ಹೊಸ ಕಲ್ಲಿನ ಹೊಳಪಿನಲ್ಲಿ ಸೇತುವೆಯ ವಯಸ್ಸೇ ಮಾಯವಾಯಿತೆಂದು ಅವರು ನೊಂದರು. ಒಂದೆಡೆ ತಮ್ಮ ಕಟ್ಟುಹಲ್ಲಿನ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಅವರ ದಂತವೈದ್ಯರು ತಿಳಿದವರು. ಹುಡುಗರ ಹಲ್ಲಿನಂತೆ ಬೆಳ್ಳಗೆ, ಒತ್ತಾಗಿ ಮಾಡದೆ, ಅವರ ವಯಸ್ಸಿಗೆ ಒಪ್ಪುವ ಬಣ್ಣದ ಹಲ್ಲನ್ನೇ ಮಾಡಿಕೊಟ್ಟರಂತೆ. ಹಳೆಯ ಕಟ್ಟಡವನ್ನು ರಿಪೇರಿ ಮಾಡುವವರಿಗೂ ಈ ವಿವೇಕ ಬೇಕೆಂಬುದು ಅವರ ಅಭಿಪ್ರಾಯ. ಸುಣ್ಣ ಬಳಿದು, ಬಣ್ಣ ಹೊಡೆದು, ಸಿಮೆಂಟು ಮೆತ್ತಿ ನಮ್ಮ ಊರಿನ ಹಳೆಯ ಗುಡಿಗಳನ್ನೂ ಕಲ್ಯಾಣಿಗಳನ್ನೂ ‘ಹೊಸದು’ ಮಾಡುವ ಉತ್ಸಾಹ ನಮ್ಮಲ್ಲಿಯೂ ಕಡಿಮೆಯಿಲ್ಲ. ಕಟ್ಟಡವನ್ನು ಉಳಿಸಬೇಕು, ಅದರ ವಯಸ್ಸನ್ನೂ ಉಳಿಸಬೇಕು. ಎರಡೂ ಒಟ್ಟಿಗೆ ಆಗುವುದು ಕಷ್ಟ. ಆದರೆ ಕಷ್ಟವೆಂದು ತಿಳಿದು ಮಾಡುವವನ ಕೈ ಸ್ವಲ್ಪ ಅಂಜಿ, ಮೆಲ್ಲಗೆ ಮುಟ್ಟುತ್ತದೆ. ಕನ್ನಡದ ಅರ್ಥದ ‘ಅಂಜಿ’ಗೆ ಇಲ್ಲಿ ಒಂದು ಸಾರ್ಥಕವಾದ ಸ್ಥಾನವಿದೆ.

ಚೀನಾ ಸರ್ಕಾರ ೧೯೬೧ರಲ್ಲಿಯೇ ಇದನ್ನು ರಾಷ್ಟ್ರದ ರಕ್ಷಿತ ಸ್ಮಾರಕಗಳ ಮೊದಲ ಪಟ್ಟಿಗೆ ಸೇರಿಸಿತು. ೧೯೯೧ರಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಇದನ್ನು ಅಂತರರಾಷ್ಟ್ರೀಯ ಮಹತ್ವದ ಎಂಜಿನಿಯರಿಂಗ್ ಸ್ಮಾರಕವೆಂದು ಗೌರವಿಸಿತು. ಇಂದು ಅದರ ಮೇಲೆ ಗಾಡಿಗಳು ಓಡುವುದಿಲ್ಲ. ಸುತ್ತ ಉದ್ಯಾನವಾಗಿದೆ, ನೋಡಬಂದವರು ನಡೆದು ದಾಟುತ್ತಾರೆ. ದುಡಿದು ದಣಿದ ಹಿರಿಯನಿಗೆ ವಿಶ್ರಾಂತಿ ಕೊಟ್ಟಂತಾಗಿದೆ.

ಒಂಬತ್ತನೆಯ ಶತಮಾನದಲ್ಲಿ ಈ ಊರಿನಲ್ಲಿ ಒಬ್ಬ ಬೌದ್ಧ ಗುರುವಿದ್ದರು. ಊರಿನ ಹೆಸರೇ ಅವರಿಗೂ ನಿಂತು, ಜಾವ್‌ಜೋ ಗುರುಗಳೆಂದೇ ಪ್ರಸಿದ್ಧರಾದರು. ಯಾರೋ ಒಬ್ಬ ಭಿಕ್ಷು ಅವರ ಬಳಿಗೆ ಬಂದು, ಇಲ್ಲಿಯ ಸೇತುವೆಯ ಕೀರ್ತಿಯನ್ನು ಬಹಳ ಕೇಳಿದ್ದೆ, ಅದರಲ್ಲಿ ಅಂಥದೇನಿದೆ ಎಂದು ಕೆಣಕಿದನಂತೆ. ಅದು ಕತ್ತೆಯನ್ನೂ ದಾಟಿಸುತ್ತದೆ, ಕುದುರೆಯನ್ನೂ ದಾಟಿಸುತ್ತದೆ ಎಂಬುದಷ್ಟೇ ಗುರುವಿನ ಉತ್ತರವಾಗಿತ್ತೆಂದು ಹೇಳುವುದುಂಟು. ಸೇತುವೆಯನ್ನು ಹೊಗಳಲು ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ. ಮೇಲೆ ಹೋಗುವವರಲ್ಲಿ ಅದು ಭೇದವೆಣಿಸಲಿಲ್ಲ. ಕೆಳಗೆ ಹೋಗುವ ನೀರಿಗೂ ಅಡ್ಡ ನಿಲ್ಲಲಿಲ್ಲ.

ವಾಚಕ ಮಹಾಶಯರೆ, ಮುಂದಿನ ಸಲ ಪ್ರಯಾಣದಲ್ಲಿ ಯಾವುದಾದರೂ ಹಳೆಯ ಸೇತುವೆ ಸಿಕ್ಕಿದರೆ, ಬಸ್ಸು ನಿಂತಷ್ಟು ಹೊತ್ತು ಒಮ್ಮೆ ದಡಕ್ಕಿಳಿದು ಅದರ ಕೆಳಗಡೆಯನ್ನು ನೋಡಿ. ಕಲ್ಲು ಎಷ್ಟಿದೆ ಎಂದು ಎಲ್ಲರೂ ನೋಡುತ್ತಾರೆ. ನೀರಿಗೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂಬುದನ್ನೂ ನೋಡಿ. ಮೂಲೆಯಲ್ಲೆಲ್ಲಾದರೂ ಶಾಸನದ ಕಲ್ಲಿದ್ದರೆ, ಕಟ್ಟಿಸಿದವರ ಬಿರುದುಗಳನ್ನು ಓದಿ ಮುಗಿಸಿದ ಮೇಲೆ, ಕಟ್ಟಿದವನ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಿ. ಇದ್ದರೆ ಬರೆದುಕೊಂಡು ಬನ್ನಿ.